ವೇಲಾ ಪಲ್ಸಾರ್‌ನ ಟೈಮಿಂಗ್ ನಾನು ಮಾಡಿದ ಬಗೆ

ವೇಲಾ ಪಲ್ಸಾರ್‌ನ ಟೈಮಿಂಗ್ ಪೂರ್ತಿ ನನ್ನ ಕೈಯಿಂದಲೇ ಮಾಡಿ ನೋಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಪಲ್ಸಾರ್ ಅಂದರೆ ವೇಗವಾಗಿ ತಿರುಗುತ್ತಾ, ಸುತ್ತಿಗೊಂದರಂತೆ ರೇಡಿಯೊ ಮಿಡಿತ (ಪಲ್ಸ್) ಕಳಿಸುವ ನ್ಯೂಟ್ರಾನ್ ನಕ್ಷತ್ರ. ಆ ಪಲ್ಸ್ ಬರುವ ಸಮಯವನ್ನು ಲೆಕ್ಕದ ಜೊತೆ ಹೋಲಿಸಿ ನೋಡುವುದೇ ಟೈಮಿಂಗ್. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದ ಹಳೇ ಡೇಟಾ ಸಾರ್ವಜನಿಕವಾಗಿ ಸಿಗುತ್ತದೆ. ಅದನ್ನೇ ಇಳಿಸಿಕೊಂಡು ಶುರು ಮಾಡಿದೆ.

ಮೊದಲ ಕೆಲಸ ಡಿಸ್ಪರ್ಷನ್ ಸರಿಪಡಿಸುವುದು. ನಕ್ಷತ್ರಗಳ ನಡುವೆ ಚದುರಿರುವ ಎಲೆಕ್ಟ್ರಾನ್‌ಗಳಿಂದಾಗಿ ಕಡಿಮೆ ಆವರ್ತನದ ಅಲೆಗಳು ತಡವಾಗಿ ಬರುತ್ತವೆ. ವೇಲಾದ ಒಂದೇ ಪಲ್ಸ್ 1500 ಮೆಗಾಹರ್ಟ್ಸ್‌ನಲ್ಲಿ ಕಾಣಿಸಿದ ಮೇಲೆ 1300ರಲ್ಲಿ ಕಾಣಲು ಇನ್ನೂ ಸುಮಾರು 41 ಮಿಲಿಸೆಕೆಂಡ್ ಬೇಕು. ಅದರ ಒಂದು ಸುತ್ತೇ 89 ಮಿಲಿಸೆಕೆಂಡ್! ಸರಿಪಡಿಸದೆ ಎಲ್ಲ ಚಾನೆಲ್ (ಆವರ್ತನದ ಚಿಕ್ಕ ಚಿಕ್ಕ ಪಟ್ಟಿಗಳು) ಕೂಡಿಸಿದರೆ ಪಲ್ಸ್ ಸುಮ್ನೆ ಹರಡಿ ಹೋಗುತ್ತದೆ. ಈ ತಡವೇ ಒಂದು ಗುರುತೂ ಹೌದು. ರೇಡಾರ್, ಮೊಬೈಲ್ ತರಹದ ಭೂಮಿಯ ಮೇಲಿನ ಗದ್ದಲಕ್ಕೆ ಇದು ಇರುವುದಿಲ್ಲ.

ಆಮೇಲೆ ಫೋಲ್ಡಿಂಗ್, ಅಂದರೆ ಪಲ್ಸ್ ಮೇಲೆ ಪಲ್ಸ್ ಇಟ್ಟು ಕೂಡಿಸುವುದು. ಒಂದೊಂದು ಪಲ್ಸ್ ಒಂದೊಂದು ಆಕಾರದಲ್ಲಿರುತ್ತದೆ, ಆದರೆ ಸಾವಿರಾರು ಪಲ್ಸ್‌ಗಳ ಸರಾಸರಿ ಮಾತ್ರ ಅಚ್ಚು ಹಾಕಿದ ಹಾಗೆ ಬರುತ್ತದೆ. ಆ ಸರಾಸರಿಯನ್ನು ಮೊದಲೇ ಇಟ್ಟುಕೊಂಡ ಮಾದರಿ ಆಕಾರಕ್ಕೆ ಹೊಂದಿಸಿ, ಪಲ್ಸ್ ಬಂದ ಸಮಯ ತೆಗೆಯಬೇಕು. ಭೂಮಿ ಸೂರ್ಯನ ಸುತ್ತ ಓಡುತ್ತಿರುವುದರಿಂದ ಆ ಸಮಯವನ್ನು ಸೌರಮಂಡಲದ ದ್ರವ್ಯಕೇಂದ್ರಕ್ಕೆ ಬದಲಾಯಿಸಬೇಕು. ಇದನ್ನು ಟೆಂಪೊ2 ಅನ್ನುವ ಸಾಫ್ಟ್‌ವೇರ್ ಮಾಡಿಕೊಡುತ್ತದೆ.

ನಿಜವಾದ ಕೆಲಸ ಶುರುವಾಗುವುದು ರೆಸಿಡ್ಯುಯಲ್ ಗ್ರಾಫ್ ತೆರೆದಾಗ. ಪಲ್ಸ್ ಬಂದ ಸಮಯದಿಂದ ಲೆಕ್ಕದ ಪ್ರಕಾರ ಬರಬೇಕಿದ್ದ ಸಮಯ ಕಳೆದರೆ ಉಳಿಯುವುದೇ ರೆಸಿಡ್ಯುಯಲ್. ಎಲ್ಲ ಸರಿಯಿದ್ದರೆ ಚುಕ್ಕೆಗಳು ಸೊನ್ನೆಯ ಅಕ್ಕಪಕ್ಕ ಚೆಲ್ಲಿಕೊಂಡಿರುತ್ತವೆ. ಓರೆಯಾದ ಗೆರೆ ಬಂದರೆ ಪಿರಿಯಡ್ (ಒಂದು ಸುತ್ತಿಗೆ ಹಿಡಿಯುವ ಸಮಯ) ಸ್ವಲ್ಪ ತಪ್ಪಿದೆ. ಬಿಲ್ಲಿನ ಹಾಗೆ ಬಾಗಿದರೆ ಪಿರಿಯಡ್ ಬದಲಾಗುವ ದರ ತಪ್ಪಿದೆ. ವೇಲಾದ ಪಿರಿಯಡ್ ದಿನಕ್ಕೆ ಸುಮಾರು 11 ನ್ಯಾನೊಸೆಕೆಂಡ್ ಹೆಚ್ಚುತ್ತದೆ. ಇಷ್ಟೇನಾ ಅನ್ನಿಸಬಹುದು, ಆದರೆ ಅದು ದಿನಕ್ಕೆ ಸುಮಾರು 9 ಲಕ್ಷ 67 ಸಾವಿರ ಸುತ್ತು ಸುತ್ತುತ್ತದಲ್ವಾ, ಬೇಗ ಎದ್ದು ಕಾಣುತ್ತದೆ. ವರ್ಷಕ್ಕೊಮ್ಮೆ ಏರಿಳಿಯುವ ಅಲೆ ಇದ್ದರೆ ಆಕಾಶದಲ್ಲಿ ಪಲ್ಸಾರ್ ಇರುವ ಜಾಗ ತಪ್ಪಾಗಿ ಕೊಟ್ಟಿದ್ದೀರಿ ಅಂತ ಅರ್ಥ. ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ತಪ್ಪಿದರೂ ಅಲೆಯ ಎತ್ತರ 2 ಮಿಲಿಸೆಕೆಂಡ್ ದಾಟುತ್ತದೆ.

ಅದಕ್ಕೇ ನಾನು ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಫಿಟ್ ಮಾಡುವುದಿಲ್ಲ, ಅಂದರೆ ಡೇಟಾಕ್ಕೆ ಹೊಂದುವ ಹಾಗೆ ಒಟ್ಟಿಗೆ ಬದಲಿಸುವುದಿಲ್ಲ. ಮೊದಲು ಆಕಾರ ನೋಡುತ್ತೇನೆ, ಆಮೇಲೆ ಒಂದೊಂದನ್ನೇ ಬದಲಾಗಲು ಬಿಡುತ್ತೇನೆ. ಡೇಟಾದ ನಡುವೆ ದೊಡ್ಡ ಅಂತರ ಇದ್ದರಂತೂ ಇನ್ನೂ ಎಚ್ಚರ ಬೇಕು. ನಡುವಿನ ಒಂದು ಸುತ್ತು ಎಣಿಕೆ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ಹಾಳು.

ವೇಲಾ ಆರಿಸಿಕೊಂಡಿದ್ದಕ್ಕೆ ಮುಖ್ಯ ಕಾರಣ ಗ್ಲಿಚ್. ನೆಟ್ಟಗೆ ಹೋಗುತ್ತಿದ್ದ ಚುಕ್ಕೆಗಳು ಒಂದು ದಿನದಿಂದ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತವೆ, ಅಂದರೆ ಪಲ್ಸ್‌ಗಳು ಬೇಗ ಬೇಗ ಬರುತ್ತಿವೆ, ನಕ್ಷತ್ರ ವೇಗವಾಗಿ ತಿರುಗಲು ಶುರು ಮಾಡಿದೆ. 1969ರಲ್ಲಿ ಇದನ್ನು ಮೊದಲು ಕಂಡವರಲ್ಲಿ ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಒಬ್ಬರು. ಆಗ ಅವರೂ ಪಾರ್ಕ್ಸ್ ದೂರದರ್ಶಕವನ್ನೇ ಬಳಸಿದ್ದರು. 2016ರ ಡಿಸೆಂಬರ್ 12ರಂದು ಟಾಸ್ಮೇನಿಯಾದ 26 ಮೀಟರ್ ದೂರದರ್ಶಕವೊಂದು ಗ್ಲಿಚ್ ಆಗುವ ಕ್ಷಣವನ್ನೇ ಹಿಡಿಯಿತು. ಆಗ ಒಂದು ಪಲ್ಸ್ ಕಾಣೆಯಾಗಿತ್ತು!

ಗ್ಲಿಚ್ ಯಾಕೆ ಆಗುತ್ತದೆ? ನಕ್ಷತ್ರದ ಒಳಗಿನ, ತಡೆಯಿಲ್ಲದೆ ಹರಿಯುವ ಸೂಪರ್‌ಫ್ಲೂಯಿಡ್ ನ್ಯೂಟ್ರಾನ್‌ಗಳು ಮೇಲಿನ ಗಟ್ಟಿ ಪದರದಷ್ಟು ನಿಧಾನವಾಗುವುದಿಲ್ಲ. ಅವು ತಮ್ಮ ಸುತ್ತುವ ರಭಸವನ್ನು ಒಮ್ಮೆಲೇ ಪದರಕ್ಕೆ ಕೊಟ್ಟುಬಿಡುತ್ತವೆ ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಗ್ಲಿಚ್ ಆದ ಮೇಲೆ ವೇಗ ಮತ್ತೆ ನಿಧಾನವಾಗಿ ಇಳಿಯುವುದನ್ನು ಬೇರೆಯಾಗಿಯೇ ಫಿಟ್ ಮಾಡಬೇಕು. ನನಗೆ ಅತಿ ಜಾಸ್ತಿ ಇಷ್ಟವಾದ ಭಾಗ ಅದೇ. ಸುಮಾರು 20 ಕಿಲೋಮೀಟರ್ ಅಗಲದ ಗೋಳದ ಒಳಗೆ ಏನು ನಡೆಯುತ್ತಿದೆ ಅನ್ನುವ ಸುಳಿವು ಆ ಚಿಕ್ಕ ಬಾಗುವಿಕೆಯಲ್ಲಿದೆ.

ಈಗ ಜೆ0437-4715 ಅನ್ನುವ ಇನ್ನೊಂದು ಪಲ್ಸಾರ್ ಹಿಡಿದಿದ್ದೇನೆ. 5.76 ಮಿಲಿಸೆಕೆಂಡಿಗೆ ಒಂದು ಸುತ್ತು, ಜೊತೆಗೊಂದು ಶ್ವೇತ ಕುಬ್ಜ (ಉರಿದು ಮುಗಿದ ನಕ್ಷತ್ರದ ಉಳಿಕೆ). ಆ ಜೋಡಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಪಲ್ಸ್‌ಗಳು 5.74 ದಿನಕ್ಕೊಮ್ಮೆ 3 ಸೆಕೆಂಡಿಗೂ ಜಾಸ್ತಿ ಹಿಂದೆ ಮುಂದೆ ಓಡಾಡುತ್ತವೆ. ಹಾಗಾಗಿ ಇದರಲ್ಲಿ ಕಕ್ಷೆಯ ಫಿಟ್ ಮೊದಲು, ಉಳಿದದ್ದೆಲ್ಲ ಆಮೇಲೆ.