ಹಾಟ್ ಚಾಕೊಲೇಟ್‌ನಲ್ಲಿ ಗಂಟು: ಕೊನೆಗೆ ಸರಿಹೋದದ್ದು ಹೀಗೆ

ಕ್ರಿಸ್ಮಸ್ ರಜೆಯಲ್ಲಿ ನಮ್ಮ ಮನೆಯಲ್ಲಿ ಹಾಟ್ ಚಾಕೊಲೇಟ್ ಆಗಲೇಬೇಕು. ಆದರೆ ಪ್ರತಿ ಸಲವೂ ಮೇಲೆ ಕೋಕೋ ಗಂಟು ತೇಲುತ್ತಿತ್ತು. ಒಡೆದರೆ ಒಳಗೆ ಒಣ ಪುಡಿ. ಲೋಟದ ತಳದಲ್ಲಿ ಕೆಸರು.

ಕುದಿಯುವ ಹಾಲಿಗೆ ಪುಡಿ ಉದುರಿಸಿ ತಿರುವಿದೆ, ಆಗಲಿಲ್ಲ. ಮಿಕ್ಸಿಗೆ ಹಾಕಿದರೆ ಬರೀ ನೊರೆ. ಸೋಸಿದರೆ ಕೋಕೋ ಎಲ್ಲ ಜರಡಿಯಲ್ಲೇ ಉಳಿಯಿತು, ಸುಮ್ನೆ ದಂಡ.

ಕೋಕೋದಲ್ಲಿ ಕೊಬ್ಬಿದೆ, ಸುಲಭಕ್ಕೆ ನೆನೆಯುವುದಿಲ್ಲ. ಹಾಗಾಗಿ ಮೊದಲು ಪೇಸ್ಟ್ ಮಾಡಬೇಕು.

ನಾಲ್ಕು ಲೋಟಕ್ಕೆ: ಸಿಹಿ ಇಲ್ಲದ ಕೋಕೋ 4 ದೊಡ್ಡ ಚಮಚ, ಸಕ್ಕರೆ 5 ದೊಡ್ಡ ಚಮಚ, ಕಾರ್ನ್‌ಫ್ಲೋರ್ 1 ಟೀ ಚಮಚ, ಚಿಟಿಕೆ ಉಪ್ಪು. ಎಲ್ಲವನ್ನೂ ಒಣಗಿದ್ದಾಗಲೇ ಪಾತ್ರೆಯಲ್ಲಿ ಕಲಸಿ. ಸಕ್ಕರೆ ಹರಳು ಕೋಕೋ ಕಣಗಳನ್ನು ಬೇರೆ ಬೇರೆ ಮಾಡುತ್ತದೆ. ಬಿಸಿನೀರು 120 ಮಿ.ಲೀ. ಬೇಕು, ಆದರೆ ಒಂದೇ ಸಲ ಸುರಿಯಬೇಡಿ. ಮೊದಲು ಮೂರು ದೊಡ್ಡ ಚಮಚ ಹಾಕಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಹೊಳಪು ಬರುವವರೆಗೆ ಉಜ್ಜಿ. ಆಮೇಲೆ ಉಳಿದ ನೀರು. ಸಣ್ಣ ಉರಿಯಲ್ಲಿ 2 ನಿಮಿಷ ಕುದಿಸಿ. ನಂತರ 800 ಮಿ.ಲೀ. ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ತಿರುವುತ್ತಾ ಒಂದು ಕುದಿ ಬಂದ ಕೂಡಲೇ ಇಳಿಸಿ.

ಕಾರ್ನ್‌ಫ್ಲೋರ್ ಹಾಕದಿದ್ದರೆ ಕೋಕೋ ಮತ್ತೆ ತಳಕ್ಕೆ ಕೂರುತ್ತದೆ. ಜಾಸ್ತಿಯಾದರೆ ಪಾಯಸ ಆಗುತ್ತದೆ, ಅಲ್ವಾ?