ಹದಿಮೂರು ಡಿಗ್ರಿ ವಾಲಿದ ಫ್ರಾಂಕ್ಲಿನ್: ನಾನು ಕಟ್ಟಿದ ಬಗೆ

“ಸಾರ್, ಹಡಗು ಬೇಸ್‌ನಿಂದ ಕಿತ್ಕೊಂಡು ಒಂದು ಕಡೆ ವಾಲಿದೆ ನೋಡಿ.” ನನ್ನ ಪ್ಲಾಸ್ಟಿಕ್ ಹಡಗಿನ ಮಾಡೆಲನ್ನು ಮೊದಲ ಸಲ ಪ್ರದರ್ಶನಕ್ಕೆ ಇಟ್ಟಾಗ ಒಬ್ಬರು ಪಾಪ, ಕಾಳಜಿಯಿಂದಲೇ ಹೇಳಿದರು. ಆರು ತಿಂಗಳು ಕೂತು ನಾನು ಮಾಡಿದ್ದೇ ಆ ಓರೆಯನ್ನು! ಪಕ್ಕದಲ್ಲಿದ್ದ, ನಮ್ಮ ಹಾಗೇ ಮಾಡೆಲ್ ಕಟ್ಟುವ ಹಿರಿಯರೊಬ್ಬರು ಮೀಸೆಯಡಿ ನಕ್ಕರು. “ನಾನು ಹೇಳಿರ್ಲಿಲ್ವೇನಯ್ಯಾ, ನಿಜ ಹಡಗಿನ ಏಳುನೂರನೇ ಒಂದು ಅಳತೆ, ಈ 1/700ರಲ್ಲಿ ಓರೆ ಅಂದ್ರೆ ಅಂಟು ಸರಿ ಕೂತಿಲ್ಲ ಅಂತ್ಲೇ ಕಾಣೋದು.” ಈ ವರ್ಷ ಅದೇ ಹಿರಿಯರು ಅದೇ ಹಡಗಿನ ಮುಂದೆ ಕಾಲು ಗಂಟೆ ನಿಂತಿದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹಡಗು ಯು.ಎಸ್.ಎಸ್. ಫ್ರಾಂಕ್ಲಿನ್, ಎಸೆಕ್ಸ್ ವರ್ಗದ ವಿಮಾನವಾಹಕ, ನಂಬರು 13. 1945ರ ಮಾರ್ಚ್ 19ರ ಬೆಳಗ್ಗೆ ಏಳು ದಾಟಿದ್ದಷ್ಟೇ, ಜಪಾನ್ ಕರಾವಳಿಯಿಂದ ಐವತ್ತು ಮೈಲಿ ಆಚೆ, ಮೋಡದೊಳಗಿಂದ ನುಗ್ಗಿದ ಒಂದೇ ಒಂದು ವಿಮಾನ ಎರಡು ಬಾಂಬ್ ಹಾಕಿತು. ಡೆಕ್ ಮೇಲೆ ವಿಮಾನಗಳು ಇಂಜಿನ್ ಚಾಲೂ ಮಾಡಿಕೊಂಡು ನಿಂತಿದ್ದವು. ಅವಕ್ಕೆ ಪೆಟ್ರೋಲು, ಬಾಂಬು, ಟೈನಿ ಟಿಮ್ ಅನ್ನುವ ದೊಡ್ಡ ರಾಕೆಟ್ಟು ತುಂಬಿ ಆಗಿತ್ತು. ಕೆಳಗೆ ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ಇಡುವ ಒಳ ಅಂತಸ್ತಿನಲ್ಲಿ, ಇದ್ದ ಹಲವಕ್ಕೂ ಪೆಟ್ರೋಲು ತುಂಬಿತ್ತು. ಎರಡು ಬಾಂಬಿಗಿಂತ ಹೆಚ್ಚು ಹಾಳು ಮಾಡಿದ್ದು ಹಡಗಿನದೇ ಸರಕು. ಸತ್ತವರು ಏಳುನೂರಕ್ಕೂ ಹೆಚ್ಚು. ಹ್ಯಾಂಗರ್‌ನಲ್ಲಿದ್ದವರಲ್ಲಿ ಬದುಕಿದ್ದು ಇಬ್ಬರೇ. ಆದರೂ ಹಡಗು ಮುಳುಗಲಿಲ್ಲ.

ಮಾಡೆಲ್ ಕಟ್ಟುವ ನಮ್ಮವರು ಈ ಹಡಗು ಕೈಗೆತ್ತಿಕೊಂಡರೆ ನೇರವಾಗಿ ಬೆಂಕಿಗೇ ಹೋಗುತ್ತಾರೆ. ಹತ್ತಿ, ಕಿತ್ತಳೆ ಬಣ್ಣ, ಒಳಗೊಂದು ಎಲ್‌ಇಡಿ, ಮುಗೀತು. ನನ್ನ ಕೇಳಿದರೆ ಅಲ್ಲಿ ಮಾಡಬೇಕಾದ್ದು ನೀರು. ಬೆಂಕಿ ಆರಿಸಲು ಸುರಿದ ನೀರು ಒಳಗೇ ನಿಂತು ಹಡಗು ಬಲಕ್ಕೆ 13 ಡಿಗ್ರಿ ವಾಲಿತು. ಅವತ್ತಿನ ಫೋಟೋಗಳಲ್ಲಿ ಬಲ ಮಗ್ಗುಲಿಂದ ನೀರು ಸುರಿಯುತ್ತಿರುವುದು ಕಾಣುತ್ತದೆ. ಅದು ಕೂತರೆ ಬೆಂಕಿ ತಾನಾಗಿ ಕೂರುತ್ತದೆ.

ಮೊದಲ ದಂಡ ಬಣ್ಣದ್ದು. ಕಿಟ್‌ನ ಹಾಳೆ ನೋಡಿ, ಶತ್ರುವಿನ ಕಣ್ಣು ತಪ್ಪಿಸುವ ಡ್ಯಾಜಲ್ ಪಟ್ಟೆ ಹೊಡೆದೆ, ಪಟ್ಟೆಯ ಅಂಚಿಗೆ ಟೇಪ್ ಹಚ್ಚುವ ಮಾಸ್ಕಿಂಗ್‌ಗೇ ಮೂರು ಸಂಜೆ ಹೋಯಿತು. ಆಮೇಲೆ ತಿಳಿಯಿತು, ಅದು 1944ರ ವೇಷ. ಆ ಅಕ್ಟೋಬರ್‌ನಲ್ಲಿ ಕಾಮಿಕಾಜೆ (ಜಪಾನಿನ ಆತ್ಮಾಹುತಿ ವಿಮಾನ) ಬಡಿದು ರಿಪೇರಿಗೆ ಹೋಗಿ ಬಂದ ಮೇಲೆ ಇಡೀ ಮೈ ನೇವಿ ಬ್ಲೂ. ಎಲ್ಲ ತೊಳೆದು ಮತ್ತೆ ಹೊಡೆದೆ.

ಎರಡನೇ ಪೆಟ್ಟು ಇನ್ನೂ ಜೋರು. ಹಿಂದಿನ ಡೆಕ್ ಮೇಲೆ ಮೂವತ್ತು ಚಿಲ್ಲರೆ ವಿಮಾನ ಸಾಲಾಗಿ ನಿಲ್ಲಿಸಿದ್ದೆ. ಒಂದೊಂದು ಒಂದೂವರೆ ಸೆಂಟಿಮೀಟರ್, ಒಂದೊಂದಕ್ಕೆ ಒಂದು ಗಂಟೆ. ಕಾಲೇಜು ಹುಡುಗನೊಬ್ಬ ಬಂದು, “ಅಂಕಲ್, ಹಡಗು ಇಷ್ಟು ವಾಲೋ ಹೊತ್ತಿಗೆ ಈ ಪ್ಲೇನೆಲ್ಲ ಉಳಿದಿದ್ವಾ?” ಅಂದ. ಏಳು ಗಂಟೆಯ ಡೆಕ್ಕನ್ನು ಹನ್ನೊಂದು ಗಂಟೆಯ ಹಡಗಿನ ಮೇಲೆ ಕೂರಿಸಿದ್ದೆ! ಅವತ್ತು ರಾತ್ರಿ ಊದುಬತ್ತಿ ಹಚ್ಚಿ ಅಷ್ಟೂ ವಿಮಾನ ಸುಟ್ಟೆ. ಹಾಗೆ ಸುಡುವಾಗಲೇ ಗೊತ್ತಾದದ್ದು: ಡೆಕ್ಕಿಗೆ ತೂತು ಮಾಡಲು ಊದುಬತ್ತಿ ಬೇಡ, ಪ್ಲಾಸ್ಟಿಕ್ ಅಂಚು ಮಣಿಯ ಹಾಗೆ ಉರುಟಾಗುತ್ತದೆ. ಮಾತ್ರೆ ಪಟ್ಟಿಯ ಹಿಂಬದಿಯ ತೆಳು ಹಾಳೆಯನ್ನು ಡೆಕ್ಕಿನ ಅಳತೆಗೆ ಕತ್ತರಿಸಿ ಅಂಟಿಸಿ, ಕೆಳಗಿನಿಂದ ಸೂಜಿಯಲ್ಲಿ ಎಬ್ಬಿಸಿ. ಹರಿದು ಮೇಲಕ್ಕೆ ಸುರುಳಿಯಾಗುತ್ತದೆ. ಒಳಗಿಂದ ಸಿಡಿದ ಡೆಕ್ ಹಾಗೇ ಇರಬೇಕು.

ಇನ್ನು ಓರೆ. ಹಲ್, ಅಂದರೆ ಹಡಗಿನ ಮೈ, ಅಗಲ 40 ಮಿ.ಮೀ., 13 ಡಿಗ್ರಿಗೆ ಬಲ ಮಗ್ಗುಲು ನಾಲ್ಕೂವರೆ ಮಿ.ಮೀ. ಕೆಳಗೆ, ಎಡ ಮಗ್ಗುಲು ಅಷ್ಟೇ ಮೇಲೆ. ಬಲಗಡೆ ಸುಲಭ, ಬೇಸ್ ಕೊರೆದು ಇಳಿಸಿದರಾಯಿತು. ಎಡಗಡೆ ಮೇಲೆದ್ದು ಹೊಟ್ಟೆ ಕಾಣಬೇಕು, ನೀರಿನ ಮಟ್ಟದಿಂದ ಮೇಲಿನ ಭಾಗವಷ್ಟೇ ಇರುವ ವಾಟರ್‌ಲೈನ್ ಕಿಟ್‌ಗೆ ಹೊಟ್ಟೆಯೇ ಇಲ್ಲವಲ್ಲ! ಪ್ಲಾಸ್ಟಿಕ್ ಕಾರ್ಡಿನಲ್ಲಿ ಕಟ್ಟಿ, ಮೇಲೆ ಕಾರಿನ ಬಾಡಿ ಪುಟ್ಟಿ ದಪ್ಪಗೆ ಮೆತ್ತಿದೆ. ಅದು ಗಟ್ಟಿಯಾಗುವಾಗ ಕಾದು ಹಲ್ ಬಾಳೆಹಣ್ಣಿನ ಹಾಗೆ ಬಾಗಿತು. ಎರಡನೇ ಕಿಟ್, ಕಸ್ಟಮ್ಸ್ ಸೇರಿ ಐದು ಸಾವಿರದ ಹತ್ತಿರ. ಮನೆಯಲ್ಲಿ ಎರಡು ಸಾವಿರ ಅಂತ ಹೇಳಿದ್ದೇನೆ. ಈ ಸಲ ಎಂ-ಸೀಲ್, ತೆಳುವಾಗಿ, ದಿನಕ್ಕೊಂದು ಪದರ. ಕಪ್ಪು ಪಟ್ಟಿ, ಅದರ ಕೆಳಗೆ ಕೆಂಪು.

ಇಷ್ಟಾದ ಮೇಲೂ ಆ ಪ್ರದರ್ಶನದಲ್ಲಿ ಕೇಳಿದ್ದು “ಕಿತ್ಕೊಂಡಿದೆ” ಅನ್ನುವ ಮಾತು. ತಪ್ಪು ಎಲ್ಲಿ ಅಂತ ಹೊಳೆಯಲು ಮತ್ತೆರಡು ತಿಂಗಳು ಬೇಕಾಯಿತು. ಗೋಡೆಗೆ ಹಾಕಿದ ಪಟ ಸೊಟ್ಟಗಿರುವುದು ಕಾಣುವುದು ಪಕ್ಕದ ಕಿಟಕಿ ನೆಟ್ಟಗಿದ್ದರೆ ತಾನೆ? ಪಕ್ಕದಲ್ಲಿ ನೆಟ್ಟಗೆ ನಿಂತ ಇನ್ನೊಂದು ಹಡಗು ಬೇಕಿತ್ತು. ಇತಿಹಾಸದಲ್ಲೂ ಇತ್ತು! ಸಾಂಟಾ ಫೆ ಅನ್ನುವ ಕ್ರೂಸರ್ ಯುದ್ಧನೌಕೆ ಫ್ರಾಂಕ್ಲಿನ್ ವಾಲಿದ ಮಗ್ಗುಲಿಗೇ ಬಂದು, ಮೈಗೆ ಮೈ ತಾಗಿಸಿ ನಿಂತು ಎಂಟುನೂರಕ್ಕೂ ಹೆಚ್ಚು ಜನರನ್ನು ಇಳಿಸಿಕೊಂಡಿತು. ಸಾಂಟಾ ಫೆ ಸೇರಿದ ಕ್ಲೀವ್‌ಲ್ಯಾಂಡ್ ವರ್ಗದ ಒಂದು ಕಿಟ್ ಮೂರು ಸಾವಿರಕ್ಕೆ ತರಿಸಿದೆ. ಅಂಟಿಸದೆ ಸುಮ್ಮನೆ ಪಕ್ಕಕ್ಕಿಟ್ಟು ನೋಡಿದೆ ಅಷ್ಟೇ, ಫ್ರಾಂಕ್ಲಿನ್ ನಿಜವಾಗಿ ವಾಲಿತು.

ಜನರ ವಿಷಯ. ತೆಳು ಲೋಹದ ಹಾಳೆಯಲ್ಲಿ ಕೊರೆದ ಫೋಟೋ ಎಚ್ ಮನುಷ್ಯರು ದುಬಾರಿ, ಪಕ್ಕದಿಂದ ನೋಡಿದರೆ ಕಾಗದ. ನಾನು ಹಳೆಯ ಟೂತ್‌ಬ್ರಷ್ ಕೂದಲನ್ನು ಎರಡೂವರೆ ಮಿ.ಮೀ. ಕತ್ತರಿಸಿ, ತುದಿ ಕಾಯಿಸಿ ತಲೆ ಮಾಡಿದೆ. ನಾನೂರು ಇರಬಹುದು, ಎಣಿಸುವುದನ್ನು ಬಿಟ್ಟೆ. ಎಲ್ಲರೂ ಡೆಕ್ಕಿಗೆ ನೇರ ನಿಲ್ಲಬಾರದು, ನೀರಿಗೆ ನೇರ ನಿಲ್ಲಬೇಕು; ವಾಲಿದ ನೆಲದ ಮೇಲೆ ಮನುಷ್ಯ ಹಾಗೇ ನಿಲ್ಲುವುದು. ಇದೊಂದು ಬದಲಾವಣೆಗೆ ಅಷ್ಟು ಕೂದಲಿಗೂ ಜೀವ ಬಂತು. ಯಾವ ಅಂಟು ಅಂತ ಮಾತ್ರ ಕೇಳಬೇಡಿ. ಬೀಳುವ ನೀರನ್ನು ಹೇಗೆ ಎಳೆದೆ ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ. ಲೆಫ್ಟಿನೆಂಟ್ ಡೊನಾಲ್ಡ್ ಗ್ಯಾರಿ ಹೊಗೆ ತುಂಬಿದ ಊಟದ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ ಮುನ್ನೂರು ಜನರಿಗೆ ದಾರಿ ಹುಡುಕಿ ಹೊರತಂದರಲ್ಲ, ಅದನ್ನು ಯಾವ ಮಾಡೆಲ್‌ನಲ್ಲೂ ತೋರಿಸಲಾಗದು.

ಹೊಗೆಗೆ ಬೂರುಗದ ಹತ್ತಿ ಹಾಕಿ ನೋಡಿದೆ, ನುಣುಪು ಜಾಸ್ತಿ, ಆಕಾರ ನಿಲ್ಲದು. ಫ್ಯಾನ್ ಹಾಕಿದ್ದರಿಂದ ಮನೆಯೆಲ್ಲ ಹಾರಿ ಎರಡು ದಿನ ಸೀನು. ದಿಂಬಿನ ಪಾಲಿಯೆಸ್ಟರ್ ಹತ್ತಿ, ಏರ್‌ಬ್ರಷ್‌ನಲ್ಲಿ ಬುಡಕ್ಕೆ ಕಪ್ಪು, ಮೇಲೆ ಬೂದಿ. ಎಸ್‌ಪಿ ರೋಡಿನ ಎಲ್‌ಇಡಿಗಳಲ್ಲಿ ಮೊದಲೆರಡು ರೆಸಿಸ್ಟರ್ ಮರೆತು ಸುಟ್ಟವು. ಸಮುದ್ರದ ರೆಸಿನ್ ಹಲ್ ಪಕ್ಕದ ಸಂದಿಯಿಂದ ಇಳಿದು ಊಟದ ಟೇಬಲ್ಲಿಗೆ ಮೆತ್ತಿದ್ದು ಇನ್ನೂ ಹೋಗಿಲ್ಲ. ಅಂಚಿಗೆ ಮೊದಲು ಸಿಲಿಕಾನ್ ಹಚ್ಚಿ.

ಲೆಕ್ಕ ಹಾಕಿದರೆ ಹದಿನೆಂಟು ಸಾವಿರ ಆಗಿರಬೇಕು. ಮಧ್ಯಾಹ್ನ ಕ್ರೂಸರ್ ಪಿಟ್ಸ್‌ಬರ್ಗ್ ಹಗ್ಗ ಕಟ್ಟಿ ಎಳೆದದ್ದನ್ನೂ ಸೇರಿಸುವ ಆಸೆ ಇತ್ತು, ಆದರೆ ಅದು ಬೇರೆ ಹೊತ್ತು. ವಿಮಾನದ ಪಾಠ ಮರೆತಿಲ್ಲ. ಆಮೇಲೆ ಆ ಹಡಗು ತನ್ನದೇ ಇಂಜಿನ್ನಿನಲ್ಲಿ ನ್ಯೂಯಾರ್ಕ್‌ವರೆಗೆ ಹೋಯಿತು. ನನ್ನದು ಶೋಕೇಸಿಗೆ ಹಿಡಿಸದೆ ಫ್ರಿಜ್ ಮೇಲಿದೆ. ಕಂಪ್ರೆಸರ್ ನಡುಕಕ್ಕೆ ವಾರಕ್ಕೊಬ್ಬ ನಾವಿಕ ಸಾಂಟಾ ಫೆ ಕಡೆ ಉದುರುತ್ತಾನೆ, ಚಿಮ್ಮಟದಲ್ಲಿ ಹಿಡಿದು ಮತ್ತೆ ನಿಲ್ಲಿಸುತ್ತೇನೆ.