ನನ್ನ ವಹಿಯಲ್ಲಿ ಬಿಟ್ಟುಹೋದ ಮುದುಕಿ

ಬ್ಯಾಂಕಿನ ಕೌಂಟರಿನಲ್ಲಿ 28 ವರ್ಷ ಕೂತವಳು ನಾನು. ನಿವೃತ್ತಿಯಾದ ಮೇಲೂ ಉದ್ದನೆಯ ವಹಿ ಕಂಡರೆ ಸ್ಕೇಲು ಹುಡುಕಿ ಖಾನೆ ಹಾಕುವ ಚಟ ಹೋಗಿಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಕಂಪೌಂಡಿಗೆ ಹತ್ತಿಕೊಂಡೇ ಏಳುತ್ತಿದ್ದ ಕಟ್ಟಡದ ಕೆಲಸ ನಿಂತಿತು. ತಗಡಿನ ಪತ್ರಾ ಶೆಡ್ಡುಗಳಲ್ಲಿದ್ದ ಕೆಲಸಗಾರರು ಅಲ್ಲೇ ಉಳಿದರು. ಮಿಕ್ಸರ್ ಸದ್ದು ಅಡಗಿದ ಮೇಲೆ ಬಾಲ್ಕನಿಗೆ ಅವರ ಮಾತು ಕೇಳತೊಡಗಿತು. ಕನ್ನಡ! ಅದೂ ಯಾದಗಿರಿ, ಗುರುಮಠಕಲ್ ಕಡೆಯ ಕನ್ನಡ. ನಾನು ಧಾರವಾಡದವಳು. ಗೋಡೆಯಾಚೆ ನಮ್ಮವರೇ ಇದ್ದಾರೆಂದು ಅಷ್ಟು ದಿನ ಗೊತ್ತಿರಲಿಲ್ಲ. ಅವರ ಒಲೆಯ ಹೊಗೆ ಮನೆಯೊಳಗೆ ಬರುತ್ತದೆಂದು ಸೊಸೈಟಿ ಮೀಟಿಂಗಿನಲ್ಲಿ ದೂರಿದವರಲ್ಲಿ ಮಾತ್ರ ನಾನೂ ಒಬ್ಬಳಾಗಿದ್ದೆ.

ಮೊದಲು ಅಡುಗೆ ಮಾಡಿ ಕೊಟ್ಟೆವು, ಆಮೇಲೆ ಹಿಟ್ಟು, ಎಣ್ಣೆ. ಮೇ ತಿಂಗಳಲ್ಲಿ ಶ್ರಮಿಕ ರೈಲು ಶುರುವಾದ ಮೇಲೆ ಅರ್ಧ ಜನ ಊರಿಗೆ ಹೋದರು. ದೀಪಾವಳಿಯ ಹೊತ್ತಿಗೆ ಬಹಳಷ್ಟು ಮಂದಿ ಮರಳಿ ಬಂದರು. ಆಗಿನಿಂದ ಪ್ರತಿ ಭಾನುವಾರ ವಹಿ ಹಿಡಿದು ಶೆಡ್ಡಿಗೆ ಹೋಗುವುದು ನನ್ನ ಪರಿಪಾಠವಾಯಿತು. ಹೆಸರು ಕೇಳಿದರೆ ಜನ ಹೆದರುತ್ತಿದ್ದರು, ಅದಕ್ಕೇ ಊರಿನ ಮೇಲೇ ಬರೆದುಕೊಂಡೆ: ಗುರುಮಠಕಲ್ಲಾಕಿ, ಸೇಡಂದಾವ, ಸಿಂದಗಿಯವರು. ಮುಂದಿನ ಖಾನೆಗಳು ಮೂರು. ಮನೆಯಲ್ಲಿ ಎಷ್ಟು ಜನ, ದಿನದ ಹಾಜರಿ (ಕೂಲಿ) ಎಷ್ಟು, ಯಾವ ಯಾವ ಕಾರ್ಡು ಇದೆ.

ಎರಡನೆಯ ಖಾನೆಯೇ ನನಗೆ ಮೊದಲು ಮೋಸ ಮಾಡಿದ್ದು. ಗುರುಮಠಕಲ್ಲಾಕಿಯ ಗಂಡ ಗೌಂಡಿ, ದಿನಕ್ಕೆ 800. ಈಕೆ ಬಿಗಾರಿ, ಇಟ್ಟಂಗಿ ಹೊರುತ್ತಾಳೆ, 450. ಮೂವರು ಮಕ್ಕಳು. 1,250ನ್ನು ಐವರಿಗೆ ಹಂಚಿದರೆ ತಲೆಗೆ 250 ರೂಪಾಯಿ. ಜಗತ್ತಿನ ಕಡುಬಡವರನ್ನು ಎಣಿಸಲು ವಿಶ್ವಬ್ಯಾಂಕ್ ಹಾಕಿದ ಗೆರೆ 2015ರಲ್ಲಿ ದಿನಕ್ಕೆ 1.90 ಡಾಲರ್ ಇತ್ತು, 2022ರಲ್ಲಿ 2.15 ಆಯಿತು, 2025ರ ಜೂನ್‌ನಲ್ಲಿ 3 ಡಾಲರ್ ಆಯಿತು. ಇದನ್ನು ಬ್ಯಾಂಕಿನ ಬೋರ್ಡಿನ ಮೇಲಿನ ವಿನಿಮಯ ದರದಿಂದ ಗುಣಿಸಬಾರದು. ಅಮೆರಿಕದಲ್ಲಿ 3 ಡಾಲರಿಗೆ ಬರುವಷ್ಟು ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಬರುತ್ತದೆ ಎಂಬುದು ಅದರ ಲೆಕ್ಕ, ಹಾಗಾಗಿ ರೂಪಾಯಿಯಲ್ಲಿ ಗೆರೆ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಕೆಳಗಿರುತ್ತದೆ. (ಇದನ್ನು ನಮ್ಮ ಸೊಸೈಟಿಯ ಸೆಕ್ರೆಟರಿಗೆ ಮೂರು ಸಲ ಬಿಡಿಸಿ ಹೇಳಿದೆ. ಆತ ನಾಲ್ಕನೆಯ ಸಲವೂ 3ನ್ನು ವಿನಿಮಯ ದರದಿಂದಲೇ ಗುಣಿಸಿದ.) ಒಟ್ಟಿನಲ್ಲಿ ನನ್ನ ವಹಿಯ ಪ್ರಕಾರ ಶೆಡ್ಡಿನಲ್ಲಿ ಬಡವರೇ ಇರಲಿಲ್ಲ.

"ಹಾಜರಿ ಅದ ಅಂತ ರೊಕ್ಕ ಕೈಗೆ ಬರ್ತದೇನ್ರಿ ಅಕ್ಕಾರ?" ಅಂತ ಗುರುಮಠಕಲ್ಲಾಕಿ ನಕ್ಕಳು. ಮುಕಾದಮ, ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಭಾನುವಾರಕ್ಕೊಮ್ಮೆ ಕೊಡುವುದು 'ಖರ್ಚಿ', ಆ ವಾರದ ಕಿರಾಣಿಗೆ ಆಗುವಷ್ಟು. ಉಳಿದದ್ದೆಲ್ಲ ಆತನ ಡೈರಿಯಲ್ಲಿ. ಊರಿಂದ ಹೊರಡುವ ಮುಂಚೆ ತೆಗೆದುಕೊಂಡ ಉಚಲ (ಮುಂಗಡ) ಮುರಿದುಕೊಂಡು, ಊರಿಗೆ ಹೋಗುವಾಗ ಲೆಕ್ಕ. ಮಳೆ ಬಂದರೆ ಖಾಡಾ (ಕೆಲಸವೂ ಇಲ್ಲ, ಹಾಜರಿಯೂ ಇಲ್ಲ), ಸಿಮೆಂಟ್ ಗಾಡಿ ಬಾರದಿದ್ದರೆ ಖಾಡಾ, ಮಗುವಿಗೆ ಜ್ವರ ಬಂದರೆ ಅವಳೊಬ್ಬಳಿಗೆ ಖಾಡಾ. ಮುಕಾದಮನೂ ಇಲ್ಲದೆ ಡಾಂಗೆ ಚೌಕಿನ ಮಜೂರ ಅಡ್ಡಾದಲ್ಲಿ ಬೆಳಗ್ಗೆ 8ಕ್ಕೆ ಬುತ್ತಿ ಹಿಡಿದು ನಿಲ್ಲುವವರದು ಇನ್ನೂ ಬೇರೆ. 11 ಗಂಟೆಗೆ ಅದೇ ಬುತ್ತಿ ಹಿಡಿದು ಮನೆಗೆ ಹೊರಟವರನ್ನು ನಾನು ನೋಡಿದ್ದೇನೆ. ವಹಿಯಲ್ಲಿ 'ದಿನದ ಹಾಜರಿ' ಹೊಡೆದುಹಾಕಿ 'ಕಳೆದ ತಿಂಗಳು ಎಷ್ಟು ಖಾಡಾ' ಅಂತ ಬರೆದೆ. ಆ ಒಂದು ಖಾನೆಯಿಂದ ತಿಳಿದಷ್ಟು ಉಳಿದ ಎರಡರಿಂದಲೂ ತಿಳಿಯಲಿಲ್ಲ.

ದುಡ್ಡು ಬಿಟ್ಟು ಬೇರೆ ಕಡೆಯಿಂದ ಅಳೆಯುವ ಪದ್ಧತಿಯೂ ಒಂದಿದೆ, ಬಹುಆಯಾಮದ ಬಡತನ ಸೂಚ್ಯಂಕ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಆಕ್ಸ್‌ಫರ್ಡ್‌ನವರು ಸೇರಿ 2010ರಿಂದ ನಡೆಸಿಕೊಂಡು ಬಂದದ್ದು. ಪೌಷ್ಟಿಕತೆ, ಮಕ್ಕಳ ಸಾವು, ಓದು, ಶಾಲೆ, ಅಡುಗೆ ಉರುವಲು, ಶೌಚಾಲಯ, ನೀರು, ಕರೆಂಟು, ಮನೆ, ಸಾಮಾನು ಎಂದು 10 ಬಾಬತ್ತು. ಮೊದಲ ನಾಲ್ಕಕ್ಕೆ ಆರನೇ ಒಂದು ತೂಕ, ಉಳಿದ ಆರಕ್ಕೆ ಹದಿನೆಂಟನೇ ಒಂದು. ಕೊರತೆ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡ ಮನೆ. 2024ರ ವರದಿಯ ಪ್ರಕಾರ 112 ದೇಶಗಳಲ್ಲಿ ಹೀಗೆ ಬಡವರಾದವರು 110 ಕೋಟಿ, ಅವರಲ್ಲಿ 58.4 ಕೋಟಿ 18 ತುಂಬದವರು. ಅರ್ಧಕ್ಕಿಂತ ಹೆಚ್ಚು ಮಕ್ಕಳೇ.

ಒಂದು ರಾತ್ರಿ ಒಟ್ಟು ಹದಿನೆಂಟು ಅಂಕ ಹಿಡಿದು ಗುರುಮಠಕಲ್ಲಾಕಿಯ ಶೆಡ್ಡಿಗೆ ಈ ಲೆಕ್ಕ ಹಾಕಿದೆ. ಬಿಲ್ಡರ್ ಕೊಟ್ಟ ಒಂದು ಬಲ್ಬು ಇದೆ, ಟ್ಯಾಂಕರ್ ನೀರಿದೆ. 11 ವರ್ಷದ ದೊಡ್ಡ ಮಗಳು ತಮ್ಮ ತಂಗಿಯನ್ನು ನೋಡಿಕೊಂಡು ಶೆಡ್ಡಿನಲ್ಲೇ ಇರುತ್ತಾಳೆ, ಶಾಲೆ ಇಲ್ಲ: ಮೂರು ಅಂಕ ಅನ್ನೋಣ. ಸೆಂಟ್ರಿಂಗಿನ ಹಲಗೆ ತುಂಡು ಉರಿಸುವ ಒಲೆ ಒಂದು, 40 ಜನಕ್ಕೆ ಎರಡು ಸಂಡಾಸು ಒಂದು, ಮಣ್ಣಿನ ನೆಲ ಒಂದು. ಹದಿನೆಂಟಕ್ಕೆ ಆರು. ಸರಿಯಾಗಿ ಗೆರೆಯ ಮೇಲೆ! ಹುಡುಗಿಯನ್ನು ಶಾಲೆಗೆ ಸೇರಿಸಿಬಿಟ್ಟರೆ ಆರಿದ್ದದ್ದು ಮೂರಾಗಿ ಇಡೀ ಮನೆ ಬಡತನದಿಂದ ಹೊರಗೆ. ಜೂನ್‌ನಲ್ಲಿ ಮುನಿಸಿಪಾಲಿಟಿ ಶಾಲೆಗೆ ಕರೆದುಕೊಂಡು ಹೋದೆ. ಊರಿನ ಶಾಲೆಯ ಟಿಸಿ ತರಲಿಲ್ಲ ಅಂತ ಪ್ರವೇಶ ತಡೆಯುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಓದಿಕೊಂಡೇ ಹೋಗಿದ್ದೆ. ಜಗಳವಿಲ್ಲದೆ ಸೇರಿತು. ಹುಡುಗಿ ಮನೆಯಲ್ಲಿ ಲಂಬಾಣಿ, ಶೆಡ್ಡಿನಲ್ಲಿ ಕನ್ನಡ, ಈಗ ಶಾಲೆಯಲ್ಲಿ ಮರಾಠಿ. ಒಂದು ತಿಂಗಳಲ್ಲಿ ನನ್ನ ಮರಾಠಿ ತಿದ್ದತೊಡಗಿದಳು.

ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಗ ಇದ್ದ 1996ರ ಕಾಯ್ದೆಯಂತೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕಿತ್ತು, ಆದರೆ 90 ದಿನ ಮಾಡಿದ್ದಕ್ಕೆ ಸಹಿ ಹಾಕುವವರನ್ನು ಹುಡುಕಲು ನನಗೆ ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಹನ್ನೊಂದು ಅರ್ಜಿಯಲ್ಲಿ ನಾಲ್ಕು ದಾಟಿದವು.

ರೇಶನ್ನಿನ ಕಥೆಯೇ ದೊಡ್ಡದು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2019ರ ಆಗಸ್ಟ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ, 2020ರ ಜನವರಿಗೆ ಕರ್ನಾಟಕವೂ ಸೇರಿ 12 ರಾಜ್ಯಗಳಾಗಿದ್ದವು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕಿಲೋ ಧಾನ್ಯ ಬರುವ ಕಾರ್ಡಿದ್ದರೆ ಅದನ್ನು ಯಾವ ರಾಜ್ಯದಲ್ಲಾದರೂ ಎತ್ತಬಹುದು. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ಆದರೆ ಇಲ್ಲಿನ ದುಕಾನಿನವ "ಕರ್ನಾಟಕಚಂ ಕಾರ್ಡ್ ಇಥಂ ಚಾಲತ್ ನಾಹೀ" ಅಂದ, ಕರ್ನಾಟಕದ ಕಾರ್ಡು ಇಲ್ಲಿ ನಡೆಯೋದಿಲ್ಲ ಅಂತ. ಮಷಿನ್ನಿನಲ್ಲಿ ನಂಬರು ಹೊಡೆದು ನೋಡಿ ಅಂತ ಕೌಂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಕೌಂಟರಿನ ಆಚೆ ಕೂತು ಜನರನ್ನು ಕಾಯಿಸಿದವಳು, ಈಚೆ ಕೂತು ಕಾಯುವುದೂ ಬರುತ್ತದೆ. ನಂಬರು ಹೊಡೆದ. ಕಾರ್ಡು ಬಂತು, ಆರು ಜನರ ಹೆಸರೂ ಬಂತು.

ಆಮೇಲೆ ಹೆಬ್ಬೆಟ್ಟು. ಸಿಮೆಂಟಿನ ಕ್ಷಾರ ಚರ್ಮ ತಿನ್ನುತ್ತದೆ. ಗೌಂಡಿಯ ಬೆರಳ ತುದಿಗಳನ್ನು ನಾನು ಕನ್ನಡಕ ಹಾಕಿಕೊಂಡು ನೋಡಿದೆ, ತೊಳೆದಿಟ್ಟ ಹುಣಸೆ ಬೀಜದ ಹಾಗೆ ನುಣ್ಣಗೆ, ಅಲ್ಲಲ್ಲಿ ಸೀಳು. ಹತ್ತೂ ಬೆರಳು ಇಟ್ಟ, ಹತ್ತಕ್ಕೂ ಮಷಿನ್ನು ಒಲ್ಲೆ ಅಂದಿತು. ಹೆಂಡತಿಯದೂ ಅಷ್ಟೇ. ಆಕೆಗೆ ಎರಡು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಸಿ, ಎರಡು ದಿನ ಇಟ್ಟಂಗಿ ಮುಟ್ಟಿಸದೆ, ಬಿಸಿನೀರಲ್ಲಿ ಕೈ ತೊಳೆಸಿ ಕರೆದುಕೊಂಡು ಹೋದೆ. ಆ ಎರಡು ದಿನದ ಹಾಜರಿ 900 ರೂಪಾಯಿ ಹೋಯಿತು, ಆಗಲೂ ಆಗಲಿಲ್ಲ. ಕೊನೆಗೆ ಬೇಸರದಿಂದ ದುಕಾನಿನವನೇ "ಪೋರಿಚಾ ಅಂಗಠಾ ಘ್ಯಾ" (ಹುಡುಗಿಯ ಹೆಬ್ಬೆಟ್ಟು ತಗೊಳ್ಳಿ) ಅಂದ. ದೊಡ್ಡ ಹುಡುಗಿ ಹೆಬ್ಬೆಟ್ಟಿಟ್ಟಳು, ಟಿಣ್ ಅಂತ ಸದ್ದು, ಚೀಟಿ ಹೊರಗೆ ಬಂತು. ಆ ಮನೆಯಲ್ಲಿ ಮಷಿನ್ನಿಗೆ ಒಪ್ಪುವ ಬೆರಳು ಅದೊಂದೇ. ಹಾಗಾಗಿ ರೇಶನ್ನಿನ ದಿನ ಆಕೆಗೆ ಶಾಲೆ ಖಾಡಾ.

ಆರು ಜನಕ್ಕೆ 30 ಕಿಲೋ, ಗೋಧಿ ಮತ್ತು ಅಕ್ಕಿ. ಆಟೋದಲ್ಲಿ ಹಾಕಿಕೊಂಡು ಬಂದೆವು. ಅದು 2023ರ ಮಾರ್ಚ್. ಏಪ್ರಿಲ್‌ನಲ್ಲೂ ಎತ್ತಿಸಿದೆ. ಇಷ್ಟೆಲ್ಲ ಆದ ಮೇಲೂ ಎತ್ತಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆ. ಶೆಡ್ಡಿನಲ್ಲಿರುವವರು ಐವರು, ಕಾರ್ಡಿನಲ್ಲಿ ಆರು ಹೆಸರು. ಬ್ಯಾಂಕಿನಲ್ಲಿ ಒಂದು ರೂಪಾಯಿ ಹೊಂದದಿದ್ದರೆ ರಾತ್ರಿ 9ರವರೆಗೆ ಕೂತು ಹುಡುಕುತ್ತಿದ್ದವಳು ನಾನು. ಇಲ್ಲಿ ಒಬ್ಬ ಮನುಷ್ಯಳೇ ಹೊಂದುತ್ತಿಲ್ಲ ಅನ್ನುವುದು ಕಣ್ಣಿಗೆ ಬೀಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಗುರುಮಠಕಲ್ಲಾಕಿ ಮಾತಾಡದೆ ಕೂತಿದ್ದಳು. ತಾಂಡಾದಿಂದ ಫೋನ್ ಬಂದಿತ್ತಂತೆ. ಅತ್ತೆ ಅಲ್ಲಿ ಒಬ್ಬಳೇ. ಎರಡು ತಿಂಗಳಿಂದ ಡೀಲರ್ "ನಿಮ್ಮ ಕಾರ್ಡಿಂದು ಪುಣಾದಾಗ ಎತ್ತ್ಯಾರ, ಇಲ್ಲೇನಿಲ್ಲ ಹೋಗು" ಅಂತ ಮುದುಕಿಯನ್ನು ವಾಪಸ್ ಕಳಿಸಿದ್ದಾನೆ. ಪಕ್ಕದ ಮನೆಯವರು ಮೊದಲು ಅಕ್ಕಿ ಕೊಟ್ಟರು, ಆಮೇಲೆ ಎರಡು ಹೊತ್ತಿನ ಗಂಜಿ ಒಂದು ಹೊತ್ತಿಗೆ ಇಳಿಯಿತು. ಮಗನಿಗೆ ಹೇಳಿದರೆ ಕೆಲಸ ಬಿಟ್ಟು ಬಂದಾನು ಅಂತ ಆಕೆ ಹೇಳಿಯೇ ಇರಲಿಲ್ಲ, ಹೇಳಿದ್ದು ಪಕ್ಕದ ಮನೆಯ ಹುಡುಗ.

"ನಿಮ್ಮದೇನ್ ತಪ್ಪಿಲ್ಲ ಬಿಡ್ರಿ ಅಕ್ಕಾರ, ನಮಗ ಗೊತ್ತಾಗ್ಬೇಕಿತ್ತು" ಅಂದಳು. ತಪ್ಪು ನನ್ನದೇ. ಮನೆಯವರು ಯಾರಾದರೂ ಒಬ್ಬರು ಹೆಬ್ಬೆಟ್ಟಿಟ್ಟರೆ ಇಡೀ ಮನೆಯ ಪಾಲು ಎತ್ತಲು ಬರುತ್ತದೆ, ಹಾಗೆಯೇ ಬೇಕಾದಷ್ಟೇ ಎತ್ತಿ ಉಳಿದದ್ದನ್ನು ಬೇರೆ ಕಡೆ ಎತ್ತಲೂ ಬರುತ್ತದೆ. ಎರಡನೆಯದನ್ನು ನಾನು ಓದಿಯೂ ಬಿಟ್ಟಿದ್ದೆ. ಅದೂ ಆ ಕಾರ್ಡು ಇದ್ದದ್ದು ಮುದುಕಿಯ ಹೆಸರಿನಲ್ಲೇ. ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ.

ಆ ರಾತ್ರಿ ವಹಿ ತೆರೆದು ನೋಡಿದೆ. 'ಮನೆಯಲ್ಲಿ ಎಷ್ಟು ಜನ' ಎಂದು ಕೇಳಿದಾಗ ಅವರು ಶೆಡ್ಡು ನೋಡಿ ಐದು ಅಂದಿದ್ದರು, ನಾನು ಐದು ಬರೆದಿದ್ದೆ. ನನ್ನ ಶೆಡ್ಡಿನ ಅಂಕಗಳಲ್ಲೂ ಮುದುಕಿ ಇರಲಿಲ್ಲ. ನಾನಷ್ಟೇ ಅಲ್ಲ, ವಿಶ್ವಬ್ಯಾಂಕಿನ 3 ಡಾಲರ್ ಲೆಕ್ಕವೂ ಮನೆಯ ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸಿದ್ದು, ಆ 10 ಬಾಬತ್ತಿನ ಸೂಚ್ಯಂಕವೂ ಮನೆಗೆ ಅಂಕ ಕೊಟ್ಟು ಅದನ್ನೇ ಒಳಗಿದ್ದವರಿಗೆಲ್ಲ ಹಚ್ಚುತ್ತದೆ. ಮನೆಯೊಳಗೆ ತಟ್ಟೆ ಯಾರಿಗೆ ಎಷ್ಟು ತುಂಬಿತು, ಮನೆಯೇ 400 ಕಿಲೋಮೀಟರ್ ಅಂತರದಲ್ಲಿ ಎರಡಾಗಿದ್ದರೆ ಯಾರ ತಟ್ಟೆ ಎಲ್ಲಿದೆ, ಅದಕ್ಕೆ ಖಾನೆ ಇಲ್ಲ.

ಈಗಿನ ವಹಿಯಲ್ಲಿ ಮೊದಲ ಖಾನೆಯೇ 'ಊರಾಗ ಯಾರದಾರ'. ನನ್ನ ಹಾಗೆ ಈ ಕೆಲಸಕ್ಕೆ ಇಳಿಯುವವರಿಗೆ ಹೇಳುವುದು ಇಷ್ಟು: ತಿಂಗಳ ಮೊದಲ ವಾರ ಊರಿನವರು ಎತ್ತಿದ್ದಾರೋ ಇಲ್ಲವೋ ಫೋನಿನಲ್ಲಿ ಕೇಳಿ, ಆಮೇಲೆ ಇಲ್ಲಿ ಎತ್ತಿಸಿ. ಕರ್ನಾಟಕ ತನ್ನ ಲೆಕ್ಕದಿಂದ ಹೆಚ್ಚಾಗಿ ಕೊಡುವುದು ಇಲ್ಲಿ ಬರುವುದಿಲ್ಲ, ಅದು ಊರಿನಲ್ಲೇ. ಹೆಬ್ಬೆಟ್ಟು ಕೆಲಸ ಮಾಡದವರ ಆಧಾರ್ ಬಯೊಮೆಟ್ರಿಕ್ ಹೊಸದಾಗಿ ಕೊಡಿಸಿ, ಮೊಬೈಲ್ ನಂಬರು ಜೋಡಿಸಿ. ಗೌಂಡಿಯದು ಮೂರನೆಯ ಸಲಕ್ಕೆ ಆಯಿತು, ಹಾಗಾಗಿ ಹುಡುಗಿಯ ರೇಶನ್ ಖಾಡಾ ತಪ್ಪಿತು.

ಆ ಮನೆಯದು ಈಗ ಪುಣೆಗೆ 25 ಕಿಲೋ, ತಾಂಡಾಕ್ಕೆ 5. ಡೀಲರ್ ಮೊದಮೊದಲು 5 ಕಿಲೋಗೋಸ್ಕರ ಮಷಿನ್ನು ಹಚ್ಚಲು ಗೊಣಗಿದ. ಪ್ರತಿ ತಿಂಗಳು ನಾನು ಮುದುಕಿಗೆ ಫೋನ್ ಮಾಡುತ್ತೇನೆ. ಇದುವರೆಗೆ ಒಮ್ಮೆಯೂ ಮುಖ ನೋಡಿಲ್ಲ. ಕಳೆದ ವಾರ ಬಂತೇನಮ್ಮಾ ಅಂತ ಕೇಳಿದೆ.

"ಬಂದದ ಯವ್ವಾ, ಬಂದದ. ಬರೇ ನುಚ್ಚು. ನುಚ್ಚಿನಕಿಂತ ಹುಳಾ ಹೆಚ್ಚದಾವ. ನೀ ಬ್ಯಾಂಕಿನಾಕಿ ಅಂತಲ್ಲಾ, ಅವಂಗ ಒಂದು ಮಾತು ಹೇಳ್ಬಾರ್ದಾ?"